ಫಾರ್ಮ್ಯಾಟ್ ಮಾಡಿಸುವ ಮುನ್ನ ಒಂದು ನಿಮಿಷ...

"ಅಣ್ಣಾ, ಕಂಪ್ಯೂಟರ್ ಸತ್ತೇ ಹೋಯ್ತು."

2020ರ ಆಗಸ್ಟ್ ತಿಂಗಳ ಆರಂಭದ ಒಂದು ಶನಿವಾರ ಸಂಜೆ. ಶಿರಸಿಯಲ್ಲಿ ಮಳೆ ಜೋರು. ಫೋನಿನಲ್ಲಿ ತಂಗಿಯ ಧ್ವನಿಗಿಂತ ಹೆಂಚಿನ ಮೇಲೆ ಬೀಳುವ ನೀರಿನ ಸದ್ದೇ ಹೆಚ್ಚಾಗಿ ಕೇಳುತ್ತಿತ್ತು. ಆಕೆ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಕೊರೊನಾದಿಂದ ಶಾಲೆಗೆ ಬೀಗ ಬಿದ್ದಿದ್ದರಿಂದ ಮನೆಯ ಹಳೆಯ ಕಂಪ್ಯೂಟರಿನ ಮುಂದೆ ಕುಳಿತೇ ಪಾಠ ನಡೆಯುತ್ತಿತ್ತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹತ್ತನೇ ತರಗತಿ.

"ಏನಾಯ್ತು ಹೇಳು."

"ಅಪ್‌ಡೇಟ್ ಬಂದಿದೆ ಅಂತು, ಆಗಲಿ ಅಂತ ಒತ್ತಿದೆ. ಆಮೇಲೆ ಆಫ್ ಮಾಡಿ ಆನ್ ಮಾಡಿದ್ರೆ ಕಪ್ಪು ಪರದೆ. ಮೇಲೆ ಎರಡು ಸಾಲು ಇಂಗ್ಲಿಷು. ಅಷ್ಟೇ. ಪೇಟೆಯ ರಿಪೇರಿ ಅಂಗಡಿಗೆ ಫೋನ್ ಮಾಡಿದ್ದೆ. ಓಎಸ್ ಕರಪ್ಟ್ ಆಗಿದೆ ಮೇಡಂ, ತಂದುಕೊಡಿ, ಫಾರ್ಮ್ಯಾಟ್ ಮಾಡಿ ಕೊಡ್ತೇವೆ, ಐನೂರು ರೂಪಾಯಿ ಅಂದ್ರು."

ಫಾರ್ಮ್ಯಾಟ್! ಈ ಶಬ್ದ ಕೇಳಿದೊಡನೆ ನನಗೆ ಎದೆ ಧಸಕ್ಕೆಂದಿತು. ಆ ಪೆಟ್ಟಿಗೆಯಲ್ಲಿ ಅವಳ ಹದಿನೈದು ವರ್ಷದ ಪ್ರಶ್ನೆಪತ್ರಿಕೆಗಳಿದ್ದವು, ಮಕ್ಕಳ ಅಂಕಪಟ್ಟಿಗಳಿದ್ದವು, ಲಾಕ್‌ಡೌನಿನಲ್ಲಿ ರಾತ್ರಿ ಕುಳಿತು ಮಾಡಿದ ಪಾಠದ ವಿಡಿಯೋಗಳಿದ್ದವು. ನಮ್ಮ ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ ತಾಳಮದ್ದಳೆಯಲ್ಲಿ ಅರ್ಥ ಹೇಳಿದ್ದ ಎರಡು ಗಂಟೆಯ ಧ್ವನಿಮುದ್ರಣವೂ ಇತ್ತು. "ಬೇರೆ ಕಡೆ ಪ್ರತಿ ಇಟ್ಟಿದ್ದೀಯಾ?" ಎಂದು ಕೇಳಿದೆ. ಎರಡು ವರ್ಷದ ಹಿಂದೆ ಒಂದು ಪೆನ್‌ಡ್ರೈವ್‌ಗೆ ಹಾಕಿದ್ದು, ಅದೀಗ ಎಲ್ಲಿದೆಯೋ ಗೊತ್ತಿಲ್ಲ ಎಂಬ ಉತ್ತರ ಬಂತು. ಎಲ್ಲರ ಮನೆಯ ಕಥೆಯೂ ಇದೇ!

"ಯಾರಿಗೂ ಕೊಡಬೇಡ. ಸ್ಕ್ರೂ ಸಹ ಬಿಚ್ಚಬೇಡ. ಆ ಎರಡು ಸಾಲು ಏನಿದೆ, ಅಕ್ಷರ ಅಕ್ಷರ ಓದಿ ಹೇಳು" ಅಂದೆ.

ಎರಡು ದೋಣಿಯ ಮೇಲೆ ಕಾಲು

ಆ ಕಂಪ್ಯೂಟರಿನಲ್ಲಿ ಎರಡು ಸಂಸಾರಗಳಿದ್ದವು. ಒಂದು ವಿಂಡೋಸ್, ಇನ್ನೊಂದು ಲಿನಕ್ಸ್. ವಿಂಡೋಸ್ ಬೇಕಾಗಿದ್ದು 'ನುಡಿ'ಗಾಗಿ. ಕರ್ನಾಟಕದ ಮೇಷ್ಟ್ರುಗಳ ಪ್ರಶ್ನೆಪತ್ರಿಕೆಗಳೆಲ್ಲ ಹೆಚ್ಚಾಗಿ ನುಡಿ ಇಲ್ಲವೇ ಬರಹದಲ್ಲಿ ಹುಟ್ಟಿದವು. ಎರಡೂ ವಿಂಡೋಸ್‌ಗೆಂದೇ ಬರೆದ ತಂತ್ರಾಂಶಗಳು. ಉಳಿದ ಕೆಲಸಕ್ಕೆ ಲಿನಕ್ಸ್. ಹಳೆಯ ಯಂತ್ರವಾದ್ದರಿಂದ ವಿಂಡೋಸ್‌ನಲ್ಲಿ ತೇಕುತ್ತಿತ್ತು, ಲಿನಕ್ಸ್‌ನಲ್ಲಿ ಪರವಾಗಿಲ್ಲ ಅನ್ನುವಷ್ಟು ಓಡುತ್ತಿತ್ತು. ಈ ಏರ್ಪಾಡು ಮಾಡಿಕೊಟ್ಟವನು ನಾನೇ. ಆ ವಿಷಯ ಮುಂದೆ ಬರುತ್ತದೆ.

ಹೀಗೆ ಎರಡು ವ್ಯವಸ್ಥೆ ಇಟ್ಟುಕೊಂಡ ಯಂತ್ರವನ್ನು ಆನ್ ಮಾಡಿದಾಗ ಯಾವುದು ಬೇಕೆಂದು ಕೇಳುವ ಒಂದು ಪಟ್ಟಿ ಬರುತ್ತದೆ. ಆ ಪಟ್ಟಿ ತೋರಿಸಿ, ಆರಿಸಿದ್ದನ್ನು ಎಬ್ಬಿಸಿ, ತಾನು ಪಕ್ಕಕ್ಕೆ ಸರಿಯುವ ಪುಟ್ಟ ತಂತ್ರಾಂಶವೇ ಬೂಟ್‌ಲೋಡರ್. ಲಿನಕ್ಸ್ ಲೋಕದಲ್ಲಿ ಬಹುಪಾಲು ಕಡೆ ಇದರ ಹೆಸರು ಗ್ರಬ್. 1995ರಲ್ಲಿ ಎರಿಕ್ ಬೋಲೆನ್ ಎಂಬಾತ ಬರೆಯತೊಡಗಿದ್ದು. ಯಂತ್ರ ಎದ್ದ ಮೇಲೆ ಅದನ್ನು ಯಾರೂ ನೆನೆಯುವುದಿಲ್ಲ. ಏಳದಿದ್ದರೆ ಮಾತ್ರ ಅದರ ಹೆಸರು ಪರದೆಯ ಮೇಲೆ ಕಾಣುತ್ತದೆ.

'ಬೂಟ್' ಎನ್ನುವುದು ಕಾಲಿಗೆ ಹಾಕುವ ಬೂಟೇ. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ಮಾತಿನಿಂದ ಬಂದದ್ದು. ತನ್ನ ಹೆಗಲ ಮೇಲೆ ತಾನೇ ಹತ್ತಿ ಕುಳಿತ ಹಾಗೆ! ಅಸಾಧ್ಯವಲ್ಲವೇ? ಗಣಕದ ಸಂಕಟವೂ ಅದೇ. ಡಿಸ್ಕಿನಿಂದ ತಂತ್ರಾಂಶವನ್ನು ಓದಿಕೊಳ್ಳಲು ಮೊದಲು ಓದಬಲ್ಲ ಒಂದು ತಂತ್ರಾಂಶ ಬೇಕು. ಅದನ್ನು ಓದುವವರು ಯಾರು?

ಹಳೆಯ ಯಂತ್ರಗಳಲ್ಲಿ ಇದಕ್ಕೆ ಕಂಡುಕೊಂಡ ಉಪಾಯ ಹೀಗಿದೆ. ತಾಯಿಹಲಗೆಯ ಮೇಲೆ ಕಾಯಂ ಆಗಿ ಕುಳಿತ ಬಯಾಸ್ ಎಂಬುದು ಡಿಸ್ಕಿನ ಮೊಟ್ಟಮೊದಲ ತುಣುಕನ್ನು, ಕೇವಲ 512 ಬೈಟುಗಳನ್ನು, ಕಣ್ಣು ಮುಚ್ಚಿ ಓದುತ್ತದೆ. ಅದರಲ್ಲಿ 64 ಬೈಟು ಡಿಸ್ಕಿನ ವಿಭಾಗಗಳ ಪಟ್ಟಿಗೆ, 2 ಬೈಟು ಗುರುತಿನ ಮುದ್ರೆಗೆ ಹೋಗಿ, ಬೂಟ್‌ಲೋಡರಿಗೆ ಉಳಿಯುವುದು 446. ಇಂದಿನ ಯೂನಿಕೋಡ್ ಪದ್ಧತಿಯಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟು ಬೇಕು. ಅಂದರೆ ಅಷ್ಟು ಜಾಗದಲ್ಲಿ ಒಂದು ಅಂಚೆ ಕಾರ್ಡಿನ ಅರ್ಧವೂ ಬರೆಯಲಾಗದು! ಹಾಗಾಗಿ ಗ್ರಬ್ ತನ್ನನ್ನು ಮೂರು ತುಂಡು ಮಾಡಿಕೊಂಡಿದೆ. ಮೊದಲ ತುಂಡು ಆ 446 ಬೈಟಿನಲ್ಲಿ. ಅದಕ್ಕೆ ಗೊತ್ತಿರುವುದು ಒಂದೇ: ಎರಡನೆಯ ತುಂಡು ಎಲ್ಲಿದೆ ಎಂಬುದು. ಆ ಎರಡನೆಯದು, ಅದಕ್ಕೆ 'ಕೋರ್' ಎನ್ನುತ್ತಾರೆ, ಡಿಸ್ಕಿನ ಆರಂಭದಲ್ಲಿ ಮೊದಲ ವಿಭಾಗ ಶುರುವಾಗುವ ಮುಂಚಿನ ಖಾಲಿ ಜಾಗದಲ್ಲಿ ಅಡಗಿರುತ್ತದೆ. ಮೂರನೆಯದು ಲಿನಕ್ಸ್‌ನ ಕಡತಗಳ ನಡುವೆ, ಬೂಟ್ ಎಂಬ ಕೋಶದೊಳಗೆ, ಹತ್ತಾರು ಮಾಡ್ಯೂಲುಗಳಾಗಿ ಇರುತ್ತದೆ. ಪಟ್ಟಿ ತೋರಿಸುವುದು, ವಿಂಡೋಸ್ ಎಬ್ಬಿಸುವುದು ಎಲ್ಲ ಈ ಮಾಡ್ಯೂಲುಗಳ ಕೆಲಸ.

ಮೂರು ತುಂಡು, ಮೂರು ಜಾಗ. ಅಪ್‌ಡೇಟ್ ಬಂದಾಗ ಮೂರೂ ಒಟ್ಟಿಗೆ ಬದಲಾಗಬೇಕು. ಒಂದು ಹಿಂದೆ ಬಿದ್ದರೆ ಕಪ್ಪು ಪರದೆ.

ಇದು ಹೊಸ ಕಾಯಿಲೆಯಲ್ಲ. ಗ್ರಬ್‌ಗೂ ಮುಂಚೆ ಲಿನಕ್ಸ್‌ಗೆ ಲೈಲೋ ಎಂಬ ಬೂಟ್‌ಲೋಡರ್ ಇತ್ತು. ಅದಕ್ಕೆ ಕಡತಗಳ ಹೆಸರು ಓದಲು ಬರುತ್ತಿರಲಿಲ್ಲ. ಡಿಸ್ಕಿನ ಇಂತಿಂಥ ಮನೆಯಲ್ಲಿ ಲಿನಕ್ಸ್ ಇದೆ ಎಂದು ಅಂಕಿ ಬರೆದಿಟ್ಟುಕೊಳ್ಳುತ್ತಿತ್ತು. ಲಿನಕ್ಸ್ ಬದಲಿಸಿ ಲೈಲೋಗೆ ತಿಳಿಸಲು ಮರೆತರೆ ಮುಗಿಯಿತು. ಹೊರಡುವಾಗ ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನು ಒಂದೊಂದಾಗಿ ಪರದೆಯ ಮೇಲೆ ಬರೆಯುತ್ತಾ ಹೋಗುತ್ತಿತ್ತು. 'ಎಲ್ ಐ' ಅಂತ ಬರೆದು ನಿಂತರೆ ಅರ್ಧ ದಾರಿಯಲ್ಲಿ ಕುಸಿಯಿತೆಂದು ಅರ್ಥ. ನಾನು ಆ ಎರಡಕ್ಷರವನ್ನು ನೋಡುತ್ತಾ ಎಷ್ಟು ರಾತ್ರಿ ಕಳೆದಿದ್ದೇನೋ, ಲೆಕ್ಕ ಇಟ್ಟಿಲ್ಲ.

ಮದ್ದಳೆಯವನಿಗೆ ಗೊತ್ತಿಲ್ಲದ ಪದ

ಶಿರಸಿಗೆ ಮರಳೋಣ. ತಂಗಿ ಓದಿ ಹೇಳಿದಳು. ಮೊದಲ ಸಾಲಿನಲ್ಲಿ ಯಾವುದೋ ಸಿಂಬಲ್ ಸಿಗಲಿಲ್ಲವೆಂಬ ದೂರು. "ಅದರ ಹೆಸರು ಜಿ ಆರ್ ಯು ಬಿ, ಕೆಳಗೊಂದು ಗೆರೆ, ಆಮೇಲೆ ಸಿ ಎ ಎಲ್ ಎಲ್ ಓ ಸಿ" ಅಂದಳು. ಎರಡನೆಯ ಸಾಲು 'ಗ್ರಬ್ ರೆಸ್ಕ್ಯೂ' ಎಂದು ಬರೆದು ಮಿನುಗುತ್ತಾ ನಿಂತಿತ್ತು.

ನನಗೆ ಅರ್ಧ ಜೀವ ಬಂತು. ಡಿಸ್ಕ್ ಸತ್ತಿದ್ದರೆ ಇಷ್ಟು ಮಾತನಾಡಲು ಅಲ್ಲಿ ಯಾರೂ ಇರುತ್ತಿರಲಿಲ್ಲ. 'ರೆಸ್ಕ್ಯೂ' ಎಂದು ಕೇಳುತ್ತಿರುವುದೇ ಗ್ರಬ್‌ನ ಎರಡನೆಯ ತುಂಡು. ಅದು ಬದುಕಿದೆ, ಮೂರನೆಯ ತುಂಡಿನವರೆಗೂ ಹೋಗಿದೆ, ಅಲ್ಲಿ ಏನೋ ಜಗಳವಾಗಿದೆ.

ಈ ರೆಸ್ಕ್ಯೂ ಸಾಲಿಗೆ ಒಂದು ಮಾಮೂಲಿ ಮದ್ದಿದೆ. 'ಎಲ್ ಎಸ್' ಎಂದು ಕೊಟ್ಟರೆ ಅದು ತನಗೆ ಕಾಣುವ ಡಿಸ್ಕು, ವಿಭಾಗಗಳನ್ನು ತೋರಿಸುತ್ತದೆ. ಯಾವ ವಿಭಾಗದಲ್ಲಿ ಲಿನಕ್ಸ್ ಇದೆ ಎಂದು ಒಂದೊಂದಾಗಿ ಇಣುಕಿ ನೋಡಿ, 'ಪ್ರಿಫಿಕ್ಸ್' ಎಂಬ ವಿಳಾಸವನ್ನು ಸರಿಪಡಿಸಿ, 'ನಾರ್ಮಲ್' ಎಂಬ ಮಾಡ್ಯೂಲನ್ನು ಕರೆದರೆ ಪಟ್ಟಿ ಎದ್ದು ಬರುತ್ತದೆ. ವಿಭಾಗಗಳ ಎಣಿಕೆ ಹೆಚ್ಚುಕಡಿಮೆಯಾಗಿ ಗ್ರಬ್‌ಗೆ ತನ್ನ ಮನೆಯ ವಿಳಾಸವೇ ತಪ್ಪಿಹೋದಾಗ ಇದು ರಾಮಬಾಣ. ಫೋನಿನಲ್ಲೇ ಹೇಳಿ ಬರೆಸಿದೆ. ನಡುವೆ ಒಮ್ಮೆ ಕರೆಂಟು ಹೋಯಿತು, ಮತ್ತೆ ಮೊದಲಿನಿಂದ ಶುರು. ಮುಕ್ಕಾಲು ಗಂಟೆಯ ನಂತರ ಬಂದ ಉತ್ತರ? ಅದೇ ಸಿಂಬಲ್, ಅದೇ ದೂರು.

ಆಗ ತಲೆ ಸ್ವಲ್ಪ ಓಡಿತು. ವಿಳಾಸ ತಪ್ಪಿದ್ದರೆ 'ಸಿಗಲಿಲ್ಲ' ಎನ್ನಬೇಕಿದ್ದು ವಿಭಾಗ ಅಥವಾ ಕಡತ. ಇಲ್ಲಿ ಸಿಗದಿರುವುದು ಒಂದು ಸಿಂಬಲ್, ಅಂದರೆ ತಂತ್ರಾಂಶದೊಳಗಿನ ಒಂದು ಕೆಲಸದ ಹೆಸರು. ಮೂರನೆಯ ತುಂಡು ಎರಡನೆಯದನ್ನು ಆ ಹೆಸರಿನಿಂದ ಕರೆಯುತ್ತಿದೆ, ಎರಡನೆಯದು ಅಂಥ ಹೆಸರನ್ನೇ ಕೇಳಿಲ್ಲ. ಭಾಗವತರು ಹೊಸ ಪ್ರಸಂಗದ ಪದ ಎತ್ತಿದ್ದಾರೆ, ಮದ್ದಳೆಯವನು ಹಳೆಯ ಪ್ರಸಂಗದ ಲೆಕ್ಕದಲ್ಲೇ ಕುಳಿತಿದ್ದಾನೆ!

ಹೊಸ ಪದ ಬಂದದ್ದಕ್ಕೆ ಕಾರಣವೂ ಇತ್ತು. 2020ರ ಜುಲೈ 29ರಂದು ಎಕ್ಲಿಪ್ಸಿಯಮ್ ಎಂಬ ಭದ್ರತಾ ಸಂಸ್ಥೆ ಗ್ರಬ್‌ನೊಳಗಿನ ಒಂದು ದೋಷವನ್ನು ಹೊರಗೆಡವಿತ್ತು. ಅದಕ್ಕೆ ಇಟ್ಟ ಹೆಸರು 'ಬೂಟ್‌ಹೋಲ್'. ಗ್ರಬ್‌ನ ಪಟ್ಟಿಯ ಕಡತದಲ್ಲಿ ಬೇಕೆಂದೇ ವಿಪರೀತ ಉದ್ದದ ಪದ ತುಂಬಿಸಿದರೆ ಅದು ಸ್ಮೃತಿಯ ಬೇಲಿ ಹಾರಿ ಹೋಗುತ್ತಿತ್ತು, ಆ ಸಂದಿಯಲ್ಲಿ ಕಳ್ಳ ತಂತ್ರಾಂಶ ನುಗ್ಗಬಹುದಿತ್ತು. ದುರಸ್ತಿಯ ವೇಳೆ ಗ್ರಬ್‌ನ ಇತರ ಹುಳುಕುಗಳನ್ನೂ ಹುಡುಕಿ, ಸ್ಮೃತಿಯಲ್ಲಿ ಜಾಗ ಕೇಳುವಾಗ ಲೆಕ್ಕ ತಪ್ಪದಂತೆ ನೋಡಿಕೊಳ್ಳುವ ಒಂದು ಹೊಸ ಕೆಲಸಗಾರನನ್ನು ಕೋರ್‌ಗೆ ಸೇರಿಸಿದರು. ಅವನ ಹೆಸರೇ ನನ್ನ ತಂಗಿ ಅಕ್ಷರ ಬಿಡಿಸಿ ಓದಿದ್ದು. ಆ ವಾರ ಪ್ರಪಂಚದಾದ್ಯಂತ ಈ ದುರಸ್ತಿ ಹಂಚಿಕೆಯಾಯಿತು. ಬಹಳಷ್ಟು ಯಂತ್ರಗಳು ತೆಪ್ಪಗೆ ಎದ್ದವು. ಕೆಲವು ಇದೇ ಸಾಲು ಬರೆದು ಕುಳಿತವು.

ಕೆಲವು ಮಾತ್ರ ಏಕೆ? ಇಲ್ಲಿ ನನ್ನ ಪಾಪ ಹೊರಬರುತ್ತದೆ.

ಮೊದಲು ಆ ಯಂತ್ರದಲ್ಲಿದ್ದುದು ಒಂದೇ ಹಾರ್ಡ್ ಡಿಸ್ಕ್. ಹಿಂದಿನ ವರ್ಷ ದೀಪಾವಳಿಗೆ ಹೋದಾಗ ನಾನು ಚಿಕ್ಕದೊಂದು ಎಸ್‌ಎಸ್‌ಡಿ ತಂದು ಸೇರಿಸಿ, ಲಿನಕ್ಸನ್ನು ಅದಕ್ಕೆ ಸಾಗಿಸಿ, ಗ್ರಬ್‌ನ ಮೊದಲೆರಡು ತುಂಡುಗಳನ್ನು ಅದರ ಮೇಲೆ ಕೈಯಾರೆ ಬರೆದು, ಬಯಾಸ್‌ಗೆ "ಇನ್ನು ಇದರಿಂದಲೇ ಏಳು" ಎಂದು ಹೇಳಿ, ಹೋಳಿಗೆ ಊಟ ಮಾಡಿ ಬಂದಿದ್ದೆ. ಆದರೆ ಲಿನಕ್ಸ್ ಒಳಗೆ ಇನ್ನೊಂದು ಪುಟ್ಟ ದಫ್ತರ ಇರುತ್ತದೆ. ಗ್ರಬ್‌ನ ಅಪ್‌ಡೇಟ್ ಬಂದಾಗ ಯಾವ ಡಿಸ್ಕಿನ ಮೇಲೆ ಬರೆಯಬೇಕು ಎಂದು ಅಲ್ಲಿ ನಮೂದಾಗಿರುತ್ತದೆ. ಅದರಲ್ಲಿ ಹಳೆಯ ಡಿಸ್ಕಿನ ಹೆಸರೇ ಉಳಿದಿತ್ತು. ಮನೆ ಬದಲಿಸಿದವನು ರೇಷನ್ ಕಾರ್ಡಿನಲ್ಲಿ ವಿಳಾಸ ಬದಲಿಸಲು ಮರೆತ ಹಾಗೆ. ಅಪ್‌ಡೇಟ್ ಪ್ರಾಮಾಣಿಕವಾಗಿ ಮಾಡ್ಯೂಲುಗಳನ್ನು ಎಸ್‌ಎಸ್‌ಡಿಯಲ್ಲಿ ಹೊಸತು ಮಾಡಿತು, ಹೊಸ ಕೋರನ್ನು ಮಾತ್ರ ಹಳೆಯ ಡಿಸ್ಕಿಗೆ ಬರೆದು ಬಂತು. ಬಯಾಸ್ ಎಸ್‌ಎಸ್‌ಡಿಯ ಹಳೆಯ ಕೋರನ್ನು ಎಬ್ಬಿಸಿತು. ಜಗಳ!

ಹಾಗಾದರೆ ಹೊಸ ಕೋರ್ ಆ ಹಳೆಯ ಡಿಸ್ಕಿನಲ್ಲೇ ಕಾಯುತ್ತಾ ಕುಳಿತಿರಬೇಕಲ್ಲ?

"ಒಂದ್ಸಲ ಆಫ್ ಮಾಡಿ ಆನ್ ಮಾಡು. ಕಂಪನಿಯ ಚಿತ್ರ ಬಂದ ತಕ್ಷಣ ಎಫ್ 12 ಬಿಡದೆ ಒತ್ತು. ಎರಡು ಡಿಸ್ಕಿನ ಹೆಸರು ಬರುತ್ತೆ. ದೊಡ್ಡದನ್ನು ಆರಿಸು."

ಮಳೆಯ ಸದ್ದು. ಕುರ್ಚಿ ಎಳೆದ ಸದ್ದು. ನಂತರ, "ಅಣ್ಣಾ... ಪಟ್ಟಿ ಬಂತು! ವಿಂಡೋಸೂ ಇದೆ, ಲಿನಕ್ಸೂ ಇದೆ."

ಅಪ್ಪನ ಧ್ವನಿ ಅಲ್ಲೇ ಇತ್ತು. ಅಂಕಪಟ್ಟಿಯೂ ಇತ್ತು. ಒಂದೇ ಒಂದು ಕಡತಕ್ಕೂ ಏನೂ ಆಗಿರಲಿಲ್ಲ.

ಉಳಿದ ಕೆಲಸ ಐದು ನಿಮಿಷದ್ದು. ಡೆಬಿಯನ್, ಉಬುಂಟು ವಂಶದ ಲಿನಕ್ಸ್‌ಗಳಲ್ಲಿ ಈ ದಫ್ತರವನ್ನು ತಿದ್ದಲು 'ಡಿಪಿಕೆಜಿ ರೀಕಾನ್ಫಿಗರ್' ಎಂಬ ಆಜ್ಞೆಯಿದೆ. ಅದನ್ನು 'ಗ್ರಬ್ ಪಿಸಿ'ಯ ಹೆಸರಿನ ಮೇಲೆ ನಡೆಸಿದರೆ ಯಾವ ಡಿಸ್ಕು ಎಂದು ಕೇಳುತ್ತದೆ. ಎಸ್‌ಎಸ್‌ಡಿಯ ಮುಂದೆ ಗುರುತು ಹಾಕಿಸಿದೆ.

ಇಷ್ಟು ಉದ್ದ ಕಥೆ ಹೇಳಿದ್ದೇಕೆಂದರೆ, ಆ ದಿನ ಐನೂರು ರೂಪಾಯಿ ಕೊಟ್ಟಿದ್ದರೆ ಯಂತ್ರ ಖಂಡಿತ ಏಳುತ್ತಿತ್ತು. ಆದರೆ ಬರಿದಾಗಿ ಏಳುತ್ತಿತ್ತು. ರಿಪೇರಿಯವರನ್ನು ನಾನು ಬೈಯುವುದಿಲ್ಲ. ದಿನಕ್ಕೆ ಹತ್ತು ಯಂತ್ರ ಬರುವ ಅಂಗಡಿಯಲ್ಲಿ ಒಂದರ ಮುಂದೆ ಎರಡು ತಾಸು ಕೂರಲು ಅವರಿಗೆ ಪುರಸೊತ್ತಿಲ್ಲ. ಅವರಿಗೆ ಯಂತ್ರ ಓಡಿದರೆ ಸಾಕು. ಒಳಗೆ ಏನಿತ್ತೆಂಬುದು ನಮ್ಮ ಚಿಂತೆ.

ಹೊಸ ಯಂತ್ರ, ಹೊಸ ಕಾವಲುಗಾರ

ಈಗಿನ ಲ್ಯಾಪ್‌ಟಾಪುಗಳಲ್ಲಿ 446 ಬೈಟಿನ ಇಕ್ಕಟ್ಟಿಲ್ಲ. ಬಯಾಸ್ ಜಾಗಕ್ಕೆ ಯುಇಎಫ್‌ಐ ಬಂದಿದೆ. ಡಿಸ್ಕಿನಲ್ಲಿ ಒಂದು ಚಿಕ್ಕ ವಿಭಾಗವನ್ನೇ ಬೂಟ್‌ಲೋಡರುಗಳಿಗೆ ಮೀಸಲಿಟ್ಟಿರುತ್ತಾರೆ. ವಿಂಡೋಸ್‌ನದೊಂದು ಕೋಶ, ಲಿನಕ್ಸ್‌ನದೊಂದು ಕೋಶ, ಅಕ್ಕಪಕ್ಕದಲ್ಲಿ. ಯಾರು ಮೊದಲು ಎಂಬ ಸರದಿ ತಾಯಿಹಲಗೆಯ ನೆನಪಿನಲ್ಲಿರುತ್ತದೆ. ಅಪ್‌ಡೇಟ್ ಆದ ಮೇಲೆ ಪಟ್ಟಿಯೇ ಬರದೆ ನೇರ ವಿಂಡೋಸ್ ತೆರೆದುಕೊಂಡರೆ ಬಹುತೇಕ ಆಗಿರುವುದು ಇಷ್ಟೇ: ಸರದಿ ಬದಲಾಗಿದೆ. ಸೆಟಪ್ ಒಳಗೆ ಹೋಗಿ ಲಿನಕ್ಸ್‌ನ ಹೆಸರನ್ನು ಮೇಲಕ್ಕೆಳೆದರೆ ಮುಗಿಯಿತು.

ಇದರ ತಿರುವುಮುರುವೂ ಉಂಟು. 2021ರ ಜೂನ್‌ನಲ್ಲಿ ಬಂದ ಗ್ರಬ್ 2.06ರಲ್ಲಿ, ಪಕ್ಕದ ವ್ಯವಸ್ಥೆಗಳನ್ನು ಹುಡುಕಿ ಪಟ್ಟಿಗೆ ಸೇರಿಸುವ 'ಓಎಸ್ ಪ್ರೋಬರ್' ಎಂಬ ಸಹಾಯಕನನ್ನು ಭದ್ರತೆಯ ಕಾರಣಕ್ಕೆ ಸುಮ್ಮನಿರಿಸಿದರು. ಲಿನಕ್ಸ್ ಹೊಸತು ಮಾಡಿಕೊಂಡ ಹಲವರಿಗೆ ಪಟ್ಟಿಯಲ್ಲಿ ವಿಂಡೋಸೇ ಮಾಯ! ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ಒಂದು ಸಾಲು ತಿದ್ದಿ ಪಟ್ಟಿಯನ್ನು ಮತ್ತೆ ತಯಾರಿಸಿದರೆ ಅದು ಹಿಂದಿರುಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗದ್ದಲವೆಬ್ಬಿಸಿದ್ದು 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್. ಯುಇಎಫ್‌ಐ ಜೊತೆಗೆ ಸೆಕ್ಯೂರ್ ಬೂಟ್ ಎಂಬ ಕಾವಲುಗಾರನಿದ್ದಾನೆ. ಸಹಿಯಿಲ್ಲದ ಬೂಟ್‌ಲೋಡರನ್ನು ಒಳಗೆ ಬಿಡುವುದಿಲ್ಲ. ಸಹಿ ಹಾಕುವ ಅಧಿಕಾರ ಹೆಚ್ಚಿನ ಯಂತ್ರಗಳಲ್ಲಿ ಮೈಕ್ರೊಸಾಫ್ಟ್‌ನದು. ಲಿನಕ್ಸ್‌ನವರು ಆ ಸಹಿ ಪಡೆದ 'ಶಿಮ್' ಎಂಬ ಪುಟ್ಟ ಮಧ್ಯವರ್ತಿಯನ್ನು ಮುಂದಿಟ್ಟುಕೊಂಡು ಒಳಹೋಗುತ್ತಾರೆ. ಹುಳುಕು ಪತ್ತೆಯಾದ ಹಳೆಯ ಗ್ರಬ್‌ಗಳನ್ನು ತಡೆಯಲು, ಇಂತಿಷ್ಟನೇ ತಲೆಮಾರಿಗಿಂತ ಹಿಂದಿನವು ಬೇಡ ಎಂದು ಬರೆದಿಡುವ ಎಸ್‌ಬಿಎಟಿ ಎಂಬ ಪಟ್ಟಿಯೊಂದಿದೆ. ಆ ಆಗಸ್ಟ್‌ನ ಅಪ್‌ಡೇಟ್ ಈ ಪಟ್ಟಿಯನ್ನು ಬಿಗಿ ಮಾಡಿತು. ಎರಡು ವ್ಯವಸ್ಥೆಯಿರುವ ಯಂತ್ರಗಳನ್ನು ಮುಟ್ಟುವುದಿಲ್ಲ ಎಂದೇ ಮೈಕ್ರೊಸಾಫ್ಟ್ ಹೇಳಿತ್ತು. ಆದರೆ ಕೆಲವು ಬಗೆಯ ಏರ್ಪಾಡುಗಳನ್ನು ಅದು ಗುರುತಿಸಲೇ ಇಲ್ಲ. ಲಿನಕ್ಸ್ ಏಳುವ ಬದಲು, ಏನೋ ಗಂಭೀರ ಪ್ರಮಾದವಾಗಿದೆ ಎಂಬ ಅರ್ಥದ ಒಂದು ಸಾಲು ತೋರಿಸಿ ಯಂತ್ರ ತಾನೇ ಆಫ್ ಆಗುತ್ತಿತ್ತು. ಓದಿದವರಿಗೆ ಹೃದಯಾಘಾತವಾಗದಿದ್ದುದೇ ಪುಣ್ಯ! ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸ್ ಒಳಗೆ ಹೋಗಿ, 'ಮೋಕ್ ಯುಟಿಲ್' ಎಂಬ ಸಲಕರಣೆಯಿಂದ ಆ ಪಟ್ಟಿಯನ್ನು ಅಳಿಸಿ, ಮತ್ತೆ ಆನ್ ಮಾಡುವುದು ಜನ ಕಂಡುಕೊಂಡ ದಾರಿ. ಮರುತಿಂಗಳ ಕಂತಿನಲ್ಲಿ ಆ ಬಿಗಿಯನ್ನು ಕೈಬಿಟ್ಟರು. 2025ರ ಮೇ ತಿಂಗಳ ಅಪ್‌ಡೇಟ್‌ನೊಂದಿಗೆ ಸಮಸ್ಯೆ ಬಗೆಹರಿಯಿತೆಂದು ಮೈಕ್ರೊಸಾಫ್ಟ್ ಪ್ರಕಟಿಸಿತು.

ಇಲ್ಲೊಂದು ಎಚ್ಚರಿಕೆ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ, ಸೆಕ್ಯೂರ್ ಬೂಟ್ ಮುಟ್ಟಿದ ತಕ್ಷಣ ಅದು 48 ಅಂಕಿಗಳ ಕೀಲಿ ಕೇಳಬಹುದು. ಕೀಲಿ ಇಲ್ಲವೆಂದರೆ ಡಿಸ್ಕಿನಲ್ಲಿ ಎಲ್ಲವೂ ಇದ್ದೂ ಏನೂ ಇಲ್ಲದ ಸ್ಥಿತಿ. ಇಡೀ ವ್ಯವಹಾರದಲ್ಲಿ ಕಡತಗಳಿಗೆ ನಿಜವಾದ ಅಪಾಯವಿರುವುದು ಎರಡೇ ಕಡೆ: ಈ ಕೀಲಿ ಕಳೆದುಕೊಂಡಲ್ಲಿ ಮತ್ತು ಗಾಬರಿಯಲ್ಲಿ ಫಾರ್ಮ್ಯಾಟ್‌ಗೆ ಒಪ್ಪಿಕೊಂಡಲ್ಲಿ. ಕೀಲಿಯನ್ನು ಮೊದಲೇ ಕಾಗದದಲ್ಲಿ ಬರೆದಿಡಿ. ಕಂಪ್ಯೂಟರಿನೊಳಗಲ್ಲ!

ಯಾವ ಉಪಾಯವೂ ನಡೆಯದಿದ್ದರೆ? ಇನ್ನೊಬ್ಬರ ಕಂಪ್ಯೂಟರಿನಲ್ಲಿ ಒಂದು ಪೆನ್‌ಡ್ರೈವ್‌ಗೆ ಲಿನಕ್ಸ್ ಹಾಕಿಕೊಂಡು ಬನ್ನಿ. ಯಂತ್ರವನ್ನು ಅದರಿಂದಲೇ ಎಬ್ಬಿಸಬಹುದು, ಡಿಸ್ಕಿಗೆ ಏನನ್ನೂ ಬರೆಯುವುದಿಲ್ಲ. 'ಇನ್‌ಸ್ಟಾಲ್' ಅನ್ನುವ ಗುಂಡಿಯನ್ನು ಮಾತ್ರ ಒತ್ತಬೇಡಿ. ಒಳಗಿನ ಕಡತಗಳು ಕಣ್ಣಿಗೆ ಬೀಳುತ್ತವೆ. ಬೇಕಾದ್ದನ್ನೆಲ್ಲ ಮೊದಲು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಗ್ರಬ್ ದುರಸ್ತಿ ಆಮೇಲೆ, ಚಹಾ ಕುಡಿದು, ನಿಧಾನವಾಗಿ. ಅದೇ ಪೆನ್‌ಡ್ರೈವ್‌ನಿಂದ ಗ್ರಬ್‌ನ ತುಂಡುಗಳನ್ನು ಮತ್ತೆ ಬರೆಯಬಹುದು. ಆದರೆ ಬಯಾಸ್‌ನಲ್ಲಿ ಡಿಸ್ಕಿನ ಹೆಸರೇ ಕಾಣದಿದ್ದರೆ, ಅಥವಾ ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಅದು ಬೇರೆಯೇ ಕಾಯಿಲೆ. ಆಗ ಕೂಡಲೇ ಆಫ್ ಮಾಡಿ, ಡಿಸ್ಕಿನಿಂದ ಮಾಹಿತಿ ತೆಗೆದುಕೊಡುವವರ ಬಳಿ ಹೋಗುವುದೇ ಸರಿ.

ಆ ಸೋಮವಾರ ಹತ್ತು ಗಂಟೆಗೆ ಪಾಠ ನಡೆಯಿತು. ಮುಂದಿನ ತಿಂಗಳು ಊರಿಗೆ ಹೋದಾಗ ಮೊದಲು ಮಾಡಿದ ಕೆಲಸ ಅಪ್ಪನ ಧ್ವನಿಯನ್ನು ಮೂರು ಕಡೆ ನಕಲು ಮಾಡಿಟ್ಟದ್ದು. ಎರಡನೆಯದು, ಯಂತ್ರದಲ್ಲಿ ಯಾವ ಡಿಸ್ಕು ಯಾವುದಕ್ಕೆ ಎಂದು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮಗ್ಗುಲಿಗೆ ಅಂಟಿಸಿದ್ದು.

ಚಳಿಗಾಲದಲ್ಲಿ ಮತ್ತೆ ಒಂದು ಸಂಜೆ ಫೋನ್ ಬಂತು.

"ಅಣ್ಣಾ, ಅಪ್‌ಡೇಟ್ ಇದೆ ಅಂತಿದೆ. ಒತ್ಲೋ ಬೇಡ್ವೋ?"

"ಒತ್ತು" ಅಂದೆ. "ಆದ್ರೆ ಫೋನ್ ಇಡಬೇಡ. ಅದು ಎದ್ದು ಪಟ್ಟಿ ತೋರಿಸೋವರೆಗೂ ಇಬ್ರೂ ಕಾಯೋಣ."